ನಮ್ಮ ಕರಾವಳಿಯ ಇಸಿಜಿಗಳು ಎಲ್ಲಿ ಹೋಗುತ್ತಿವೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಇಸಿಜಿ ದಾಖಲೆಗಳನ್ನು ಉಳಿಸುವ ಹಾಗೂ ಹೃದಯದ ಲಯವನ್ನು ಓದುವ ತಂತ್ರಾಂಶಗಳನ್ನು ನಮ್ಮ ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸುವ ಕುರಿತು.

ಮಾನ್ಯರೇ,

ನಾನು ಈ ಎರಡು ಜಿಲ್ಲೆಗಳ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಇಸಿಜಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ವೈದ್ಯಕೀಯವನ್ನಾಗಲಿ ಎಂಜಿನಿಯರಿಂಗ್ ಅನ್ನಾಗಲಿ ಓದಿಲ್ಲ. ರೋಗಿಯ ಎದೆಗೆ ತಂತಿ ಜೋಡಿಸಿ, ಕಾಗದ ಹರಿದು, ಹೆಸರು ಮತ್ತು ವಯಸ್ಸು ಬರೆದು ವೈದ್ಯರ ಮೇಜಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಆ ಕಾಗದದ ಮುಂದಿನ ಗತಿ ಏನು ಎಂದು ನಮ್ಮನ್ನು ಯಾರೂ ಕೇಳಿದ್ದಿಲ್ಲ. ಈಗ ಹೃದಯದ ಲಯವನ್ನು ಕಂಪ್ಯೂಟರೇ ಓದುತ್ತದೆ, ಕೃತಕ ಬುದ್ಧಿಮತ್ತೆ ಹಳ್ಳಿಗೂ ಬರುತ್ತದೆ ಎಂದು ವೇದಿಕೆಗಳಲ್ಲಿ ಘೋಷಣೆಯಾಗುತ್ತಿರುವ ಹೊತ್ತಿನಲ್ಲಿ, ಕೇಳದಿದ್ದರೂ ಹೇಳಬೇಕಾಗಿದೆ.

ಇಸಿಜಿ ಕಾಗದದಲ್ಲಿ ಶಾಯಿ ಇರುವುದಿಲ್ಲ. ಅದು ಬಿಸಿ ತಾಗಿದಲ್ಲಿ ಕಪ್ಪಾಗುವ ಕಾಗದ. ನಮ್ಮ ಊರಿನ ಸೆಕೆ, ಮಳೆಗಾಲದ ತೇವ, ಪ್ಲಾಸ್ಟಿಕ್ ಕವರು, ಕೈಗೆ ಸವರಿದ ಸ್ಯಾನಿಟೈಸರ್, ಇವೆಲ್ಲ ಸೇರಿ ಕೆಲವೇ ವರ್ಷಗಳಲ್ಲಿ ಗೆರೆಯನ್ನು ಮಾಸಿಬಿಡುತ್ತವೆ. ಮಲ್ಪೆಯ ಕಡೆಯ ಒಬ್ಬ ಹೆಂಗಸು ಗಂಡನ ಹಳೆಯ ಇಸಿಜಿ ಹಾಳಾಗಬಾರದೆಂದು ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ಆ ಯಂತ್ರದ ಬಿಸಿಗೆ ಹಾಳೆ ಪೂರ್ತಿ ಕಪ್ಪಾಗಿತ್ತು. ಅವರು ಮಾಡಬೇಕಾದ ಜೋಪಾನವನ್ನೆಲ್ಲ ಮಾಡಿದ್ದರು. ಇದು ಬಿಸಿಗೆ ಆಗದ ಕಾಗದ, ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ ಎಂಬ ಒಂದು ಮಾತನ್ನು ಆಸ್ಪತ್ರೆ ಹೇಳಿರಲಿಲ್ಲ.

ಈಚಿನ ಯಂತ್ರಗಳಲ್ಲಿ ದಾಖಲೆ ಉಳಿಸಿಕೊಳ್ಳುವ ವ್ಯವಸ್ಥೆ ಇದೆ, ನಿಜ. ಆದರೆ ಜಾಗ ತುಂಬಿದ ಕೂಡಲೇ ಹೊಸದು ಹಳೆಯದರ ಮೇಲೆ ಕೂರುತ್ತದೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ದುರಸ್ತಿಗೆ ಬಂದ ಹುಡುಗ ‘ಮೆಮೊರಿ ಫುಲ್ ಆಗಿದೆ ಮೇಡಂ’ ಎಂದು ನನ್ನ ಕಣ್ಣೆದುರೇ ಕಾರ್ಡನ್ನು ಖಾಲಿ ಮಾಡಿದ. ಆತನದೇನೂ ತಪ್ಪಿಲ್ಲ, ಉಳಿಸಬೇಕೆಂಬ ಆದೇಶ ಯಾರ ಬಳಿಯೂ ಇರಲಿಲ್ಲ. ಉಳಿದಂತೆ ನಮ್ಮಲ್ಲಿ ಇಸಿಜಿ ಓಡಾಡುವುದು ವಾಟ್ಸ್ಆ್ಯಪ್ ಫೋಟೊ ಆಗಿ. ಇದನ್ನು ಹಗುರ ಮಾಡಿ ಹೇಳುತ್ತಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್ಆ್ಯಪ್ ಬಳಗಗಳ ಮೂಲಕವೇ ತಜ್ಞರ ಸಲಹೆ ಸಿಗುವಂತೆ ಮಾಡಿದ್ದನ್ನು ಕರಾವಳಿಯವರೆಲ್ಲ ಬಲ್ಲರು. ಎದೆನೋವಿನ ತುರ್ತಿಗೆ ಒಂದು ಫೋಟೊ ಜೀವ ಉಳಿಸುತ್ತದೆ. ಸಂಶೋಧನೆಗೆ ಮಾತ್ರ ಅದು ಸಾಲದು. ಯಂತ್ರದೊಳಗಿನ ಸಂಕೇತವೆಂದರೆ, ಹೃದಯವನ್ನು ಬೇರೆಬೇರೆ ಕೋನಗಳಿಂದ ನೋಡುವ ಹನ್ನೆರಡು ಲೀಡ್‌ಗಳಿಂದ ಸೆಕೆಂಡಿಗೆ ನೂರಾರು ಬಾರಿ ಅಳೆದ ಅಂಕಿಗಳ ಸಾಲು. ಓರೆಯಾಗಿ ಹಿಡಿದ ಮೊಬೈಲಿನಲ್ಲಿ, ಟ್ಯೂಬ್‌ಲೈಟಿನ ಪ್ರತಿಫಲನದೊಂದಿಗೆ ತೆಗೆದು ಕುಗ್ಗಿಸಿ ಕಳಿಸಿದ ಚಿತ್ರದಲ್ಲಿ ಆ ಅಂಕಿಗಳ ನೆರಳಷ್ಟೇ ಉಳಿದಿರುತ್ತದೆ.

ಕಾರ್ಕಳದ ಆಚೆ, ಘಟ್ಟದ ಬುಡದ ಒಬ್ಬ ಬೀಡಿ ಕಟ್ಟುವ ಹೆಂಗಸಿನ ವಿಷಯ ಹೇಳುತ್ತೇನೆ. ವಯಸ್ಸು ನಲವತ್ತು ದಾಟಿರಲಿಲ್ಲ. ಚಿಕ್ಕಂದಿನಲ್ಲಿ ಗಂಟುನೋವಿನ ಜ್ವರ, ಅಂದರೆ ರುಮ್ಯಾಟಿಕ್ ಜ್ವರ, ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ಆಗೊಮ್ಮೆ ಈಗೊಮ್ಮೆ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಡಿತ ಸರಿಯಾಗಿರುತ್ತಿತ್ತು, ಯಂತ್ರ ‘ನಾರ್ಮಲ್’ ಎಂದು ಅಚ್ಚು ಹಾಕುತ್ತಿತ್ತು. ಒಂದು ಸಲ ಮಾತ್ರ ಬೇರೆಲ್ಲೋ ತೆಗೆದ ಇಸಿಜಿಯಲ್ಲಿ ಏನೋ ಕಂಡಿತ್ತಂತೆ, ಆ ಹಾಳೆ ಮಾಸಿಹೋಗಿತ್ತು. ಕೊನೆಗೆ ಆಕೆ ಬಂದದ್ದು ಬಲಗೈ ಬಲಗಾಲು ಬಿದ್ದ ಮೇಲೆ. ಆ ದಿನ ನಾನು ತೆಗೆದ ಇಸಿಜಿ ಪಟ್ಟಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಯಾರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಕುಗ್ಗುವುದನ್ನು ಬಿಟ್ಟು ಅಡ್ಡಾದಿಡ್ಡಿ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಲಯ ತಪ್ಪುವುದು ಬಂದುಹೋಗುವ ಹಂತದಲ್ಲೇ ಸಿಕ್ಕಿದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡಬಹುದು. ಸಿಗುವುದೇ ಕಷ್ಟ. ಕೃತಕ ಬುದ್ಧಿಮತ್ತೆಯ ನಿಜವಾದ ಆಸೆ ಹುಟ್ಟಿರುವುದು ಇಲ್ಲಿ. 2019ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮೇಯೋ ಕ್ಲಿನಿಕ್‌ನ ಸಂಶೋಧಕರು ಸುಮಾರು 1,81,000 ರೋಗಿಗಳ ಆರೂವರೆ ಲಕ್ಷದಷ್ಟು ಇಸಿಜಿಗಳನ್ನು ಬಳಸಿ ಕಂಪ್ಯೂಟರಿಗೆ ಕಲಿಸಿ, ಪರೀಕ್ಷಿಸಿ, ಲಯ ಸರಿಯಾಗಿರುವ ಹೊತ್ತಿನಲ್ಲಿ ತೆಗೆದ ಹತ್ತು ಸೆಕೆಂಡಿನ ಪಟ್ಟಿಯಿಂದಲೇ ‘ಈ ವ್ಯಕ್ತಿಗೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು’ ಎಂದು ಗುರುತಿಸಬಹುದೆಂದು ತೋರಿಸಿದರು. ಒಂದೇ ಪಟ್ಟಿಯಿಂದ ಹೇಳಿದಾಗ ನಿಖರತೆ ಶೇ. 79ರಷ್ಟಿತ್ತು. ಅಂದರೆ ನಾನು ‘ನಾರ್ಮಲ್’ ಎಂದು ಹರಿದು ಕೊಟ್ಟ ಹಾಳೆಗಳಲ್ಲಿ, ನಮ್ಮ ಕಣ್ಣಿಗೆ ಕಾಣದ ಸುಳಿವು ಇದ್ದಿರಬಹುದು. ಆ ಹಾಳೆಗಳು ಈಗ ಎಲ್ಲಿವೆ ಎಂಬುದನ್ನು ಮೇಲೆ ಹೇಳಿದ್ದೇನೆ.

ಆದ್ದರಿಂದ, ಸಚಿವರೇ, ನಾನು ತಂತ್ರಜ್ಞಾನದ ವಿರುದ್ಧ ಬರೆಯುತ್ತಿಲ್ಲ. ಅದು ಯಾರ ಹೃದಯದಿಂದ ಕಲಿತಿದೆ ಎಂಬುದು ನನ್ನ ಪ್ರಶ್ನೆ.

ಹೃದಯದ ಲಯವನ್ನು ಯಂತ್ರಕ್ಕೆ ಕಲಿಸುವವರೆಲ್ಲ ದಶಕಗಳಿಂದ ಬಳಸುತ್ತಿರುವ ಒಂದು ಸಂಗ್ರಹವಿದೆ. ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರ ನಡುವೆ ದಾಖಲಾದ, 47 ಜನರಿಗೆ ಸೇರಿದ, ಅರ್ಧ ಗಂಟೆಯ 48 ತುಣುಕುಗಳು. ಅದನ್ನು ಕಟ್ಟಿದವರ ಶ್ರದ್ಧೆಗೆ ಕೈಮುಗಿಯಬೇಕು. ಇಬ್ಬರು ತಜ್ಞರು ಬೇರೆಬೇರೆಯಾಗಿ ಕುಳಿತು ಒಂದೊಂದು ಬಡಿತಕ್ಕೂ ಗುರುತು ಹಾಕಿದ್ದಾರೆ. ನಮ್ಮ ಕರಾವಳಿಯ ಎಂಜಿನಿಯರಿಂಗ್ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಇಳಿಸಿಕೊಳ್ಳುತ್ತಾರೆ. ನನ್ನ ಅಕ್ಕನ ಮೊಮ್ಮಗನೂ ಮಾಡಿದ. ಶೇ. 99 ನಿಖರತೆ ಬಂತು ಎಂದು ಕುಣಿದ. ವಿಚಾರಿಸಿದರೆ, ಒಬ್ಬನೇ ರೋಗಿಯ ಅರ್ಧ ಬಡಿತಗಳಿಂದ ಕಲಿಸಿ, ಉಳಿದರ್ಧದಿಂದ ಪರೀಕ್ಷೆ ಮಾಡಿದ್ದ. ಮೇಷ್ಟ್ರು ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟ ಹಾಗೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಪ್ರಕಟವಾದ ಎಷ್ಟೋ ಪ್ರಬಂಧಗಳೂ ಹೀಗೇ ಇವೆ. ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ದಿನವೂ ನೂರಾರು ಇಸಿಜಿ ಅಳಿಸಿಹೋಗುತ್ತಿರುವಾಗ, ಅವನಿಗೆ ಸಿಕ್ಕಿದ್ದು ಬಾಸ್ಟನ್‌ನ 47 ಜನ.

ಮಿನ್ನೆಸೋಟದ ಹೃದಯಕ್ಕೂ ಬೆಳ್ತಂಗಡಿಯ ಹೃದಯಕ್ಕೂ ವ್ಯತ್ಯಾಸವೇನು ಎಂದು ತಾವು ಕೇಳಬಹುದು. ಭಾರತೀಯ ಹೃದಯ ಲಯ ತಜ್ಞರ ಸಂಘವು ದೇಶದ ಹಲವು ಆಸ್ಪತ್ರೆಗಳಿಂದ 1,537 ಏಟ್ರಿಯಲ್ ಫಿಬ್ರಿಲೇಷನ್ ರೋಗಿಗಳ ವಿವರ ಕಲೆಹಾಕಿತ್ತು. ಅವರ ಸರಾಸರಿ ವಯಸ್ಸು ಸುಮಾರು 55. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಎಪ್ಪತ್ತರ ಆಸುಪಾಸಿನವರ ಕಾಯಿಲೆ. ನಮ್ಮವರಲ್ಲಿ ಶೇ. 42ರಷ್ಟು ಜನರಿಗೆ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟವಿತ್ತು; ಅಲ್ಲಿ ಅದು ಈಗ ಅಪರೂಪ. ಕಿರಿದಾದ ಕವಾಟದ ಹಿಂದೆ ವರ್ಷಗಟ್ಟಲೆ ಒತ್ತಡ ಉಂಡು ಹಿಗ್ಗಿದ ಕೋಣೆಯೇ ಬೇರೆ, ವಯಸ್ಸು ಮತ್ತು ರಕ್ತದೊತ್ತಡದಿಂದ ಸವೆದ ಕೋಣೆಯೇ ಬೇರೆ. ಈ ವ್ಯತ್ಯಾಸ ಪುಸ್ತಕಕ್ಕೆ ಸೀಮಿತವಲ್ಲ ಎಂಬುದಕ್ಕೆ 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನವೇ ಸಾಕ್ಷಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹಳೆಯ ವಾರ್ಫರಿನ್ ಬಗೆಯ ಮಾತ್ರೆಗಳಿಗಿಂತ ಹೊಸ ಮಾತ್ರೆಗಳೇ ವಾಸಿ ಎಂದು ಇತರ ಏಟ್ರಿಯಲ್ ಫಿಬ್ರಿಲೇಷನ್ ರೋಗಿಗಳಲ್ಲಿ ತೀರ್ಮಾನವಾಗಿತ್ತು. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ನಾಲ್ಕೂವರೆ ಸಾವಿರ ರುಮ್ಯಾಟಿಕ್ ರೋಗಿಗಳಲ್ಲಿ ನೋಡಿದಾಗ ಹೊಸ ರಿವರೋಕ್ಸಬಾನ್ ಪಡೆದವರಲ್ಲೇ ಹೆಚ್ಚು ಸಾವು ಸಂಭವಿಸಿತು, ಹಳೆಯ ಮಾತ್ರೆಯೇ ಗೆದ್ದಿತು. ಮಾತ್ರೆಯ ವಿಷಯದಲ್ಲಿ ಹೀಗೆ ತಿರುಗುಮುರುಗಾಗಬಹುದಾದರೆ ತಂತ್ರಾಂಶದ ವಿಷಯದಲ್ಲಿ ಆಗದೆಂದು ಹೇಳುವವರು ಯಾರು?

ಇನ್ನೊಂದು ವ್ಯತ್ಯಾಸವನ್ನು ಯಾವ ಪ್ರಬಂಧದಲ್ಲೂ ನಾನು ಓದಿಲ್ಲ, ಕೈಯಾರೆ ಕಂಡಿದ್ದೇನೆ. ಎದೆಯ ಮೇಲೆ ಆರು ಕಡೆ ತಂತಿ ಕೂರಬೇಕು, ಪ್ರತಿಯೊಂದಕ್ಕೂ ಪಕ್ಕೆಲುಬು ಎಣಿಸಿ ನಿಗದಿ ಮಾಡಿದ ಜಾಗವಿದೆ. ಪರದೆ ಇಲ್ಲದ ಕೋಣೆಯಲ್ಲಿ, ಹೊರಗೆ ಗಂಡಸರು ಸಾಲಾಗಿ ನಿಂತಿರುವಾಗ ರವಿಕೆ ತೆಗೆಯಲು ಯಾವ ಹೆಂಗಸು ಒಪ್ಪುತ್ತಾಳೆ? ಸೆರಗಿನಡಿ ಕೈ ಹಾಕಿ ಅಂದಾಜಿನಲ್ಲಿ ಅಂಟಿಸುತ್ತಾರೆ. ತಂತಿ ಒಂದೆರಡು ಬೆರಳು ಮೇಲೆ ಕೂತರೆ ಅಲೆಯ ಆಕಾರವೇ ಬದಲಾಗುತ್ತದೆ. ಏಪ್ರಿಲ್ ಮೇ ತಿಂಗಳ ಬೆವರಿಗೆ ಅಂಟು ನಿಲ್ಲುವುದಿಲ್ಲ. ಹಳೆಯ ಕಟ್ಟಡದಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಗೆರೆಯ ತುಂಬ ವಿದ್ಯುತ್ತಿನ ಸಣ್ಣ ನಡುಕ. ಕೈ ನಡುಗುವ ಪಾರ್ಕಿನ್ಸನ್ ಅಜ್ಜಂದಿರ ಪಟ್ಟಿಯನ್ನು ನೋಡಿ ಯಂತ್ರ ‘ಏಟ್ರಿಯಲ್ ಫಿಬ್ರಿಲೇಷನ್’ ಎಂದು ಅಚ್ಚು ಹಾಕಿದ್ದನ್ನು ನೋಡಿದ್ದೇನೆ. ವೈದ್ಯರು ಗೆರೆಯನ್ನು ತಾವೇ ನೋಡಿದ್ದರಿಂದ ಆ ಅಜ್ಜಂದಿರು ಬೇಡದ ಮಾತ್ರೆ ನುಂಗುವುದು ತಪ್ಪಿತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಕಿರಿಯ ವೈದ್ಯರು ಯಂತ್ರದ ಮಾತನ್ನು ಮೀರುವ ಧೈರ್ಯ ಮಾಡುತ್ತಾರೆಯೇ? ಅಚ್ಚಾದ ಅಕ್ಷರಕ್ಕೆ ನಮ್ಮಲ್ಲಿ ತೂಕ ಜಾಸ್ತಿ.

ನನ್ನ ದೂರಿನ ಮುಖ್ಯ ಭಾಗ ಇನ್ನು ಮುಂದಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ನಾನಿದ್ದ ಒಂದು ಖಾಸಗಿ ಆಸ್ಪತ್ರೆಗೆ ಇಸಿಜಿ ಓದುವ ತಂತ್ರಾಂಶವೊಂದನ್ನು ಪ್ರಯೋಗಕ್ಕೆಂದು ತಂದರು. ಯಂತ್ರಕ್ಕೆ ಒಂದು ಪೆಟ್ಟಿಗೆ ಜೋಡಿಸಿದರು. ಅಂದಿನಿಂದ ಪ್ರತಿ ರೋಗಿಯ ಸಂಕೇತ ಎಲ್ಲಿಗೋ ಹೋಗಿ, ಉತ್ತರ ಪರದೆಯ ಮೇಲೆ ಬರುತ್ತಿತ್ತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ತುಳು ಮತ್ತು ಬ್ಯಾರಿ ಮಾತನಾಡುವ ಹಿರಿಯರು ‘ಎಲ್ಲಿ ಸೈನ್ ಹಾಕಬೇಕು’ ಎಂದಷ್ಟೇ ಕೇಳುತ್ತಿದ್ದರು. ಕೆಲವು ತಿಂಗಳ ನಂತರ ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ಎಷ್ಟು ಜನರಲ್ಲಿ ಅದು ತಪ್ಪಿತು, ಹೆಂಗಸರಲ್ಲಿ ಹೇಗಿತ್ತು, ಕವಾಟದ ರೋಗಿಗಳಲ್ಲಿ ಹೇಗಿತ್ತು ಎಂದು ಒಬ್ಬ ವೈದ್ಯರು ಕೇಳಿದ್ದಕ್ಕೆ ‘ಅದು ಗೋಪ್ಯ’ ಎಂಬ ಉತ್ತರ ಬಂತು. ನಮ್ಮ ರೋಗಿಗಳ ಹೃದಯದಿಂದ ಕಲಿತದ್ದು ಅವರ ಸ್ವತ್ತಾಯಿತು. ಮಾಡಿದ ತಪ್ಪುಗಳ ಲೆಕ್ಕ ನಮಗೆ ಸಿಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ಇಸಿಜಿ ಕೋಣೆಯ ಗೋಡೆಯ ಮೇಲೆ ಅವುಗಳ ಒಂದು ಸಾಲನ್ನೂ ನಾನು ಕಂಡಿಲ್ಲ.

ಶೇಕಡಾವಾರು ನಿಖರತೆಯನ್ನು ನೋಡಿ ಮರುಳಾಗಬಾರದು ಎಂಬುದನ್ನು ಹೃದಯದ ಲಯದ ಚರಿತ್ರೆಯೇ ಒಮ್ಮೆ ಕಟುವಾಗಿ ಕಲಿಸಿದೆ. ಹೃದಯಾಘಾತದ ನಂತರ ಬರುವ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆ ಎಂದು 1980ರ ದಶಕದಲ್ಲಿ ಎಲ್ಲರೂ ನಂಬಿದ್ದರು. ಅಮೆರಿಕದ ನೇತೃತ್ವದಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಪಟ್ಟಿಯ ಮೇಲಿನ ಆ ಬಡಿತಗಳನ್ನು ಚೆನ್ನಾಗಿಯೇ ಅಡಗಿಸಿದವು. ಆದರೆ ಔಷಧ ಪಡೆದ 755 ಜನರಲ್ಲಿ 63 ಮಂದಿ ತೀರಿಕೊಂಡರು. ಹುಸಿಮಾತ್ರೆ ಪಡೆದ 743 ಜನರಲ್ಲಿ ತೀರಿಕೊಂಡವರು 26. ಇಸಿಜಿಯ ಗೆರೆ ಸರಿಯಾಯಿತು, ರೋಗಿ ಉಳಿಯಲಿಲ್ಲ.

ಕಂಪ್ಯೂಟರಿನಲ್ಲಿ ಹೃದಯವನ್ನೇ ಕಟ್ಟುವ ಕೆಲಸದ ಬಗ್ಗೆಯೂ ಒಂದು ಮಾತು. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ನರತಂತುವಿನ ವಿದ್ಯುತ್ ಅಲೆಗೆ ಬರೆದ ಸಮೀಕರಣಗಳನ್ನು ಆಧಾರವಾಗಿ ಹಿಡಿದು, ಡೆನಿಸ್ ನೋಬಲ್ 1960ರಲ್ಲಿ ಹೃದಯದ ಕೋಶ ಬಡಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಈಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಟಾಲಿಯಾ ತ್ರಯನೋವಾ ಅವರ ತಂಡ, ಒಬ್ಬೊಬ್ಬ ರೋಗಿಯ ಎಂಆರ್‌ಐ ಚಿತ್ರದಿಂದ ಅವರದೇ ಹೃದಯದ ಮಾದರಿ ಕಟ್ಟಿ, ಗಾಯದ ಕಲೆಗಳ ಸುತ್ತ ವಿದ್ಯುತ್ ಅಲೆ ಎಲ್ಲಿ ಸುತ್ತು ಹೊಡೆಯುತ್ತದೆ ಎಂದು ಮೊದಲೇ ನೋಡಿ, ಲಯ ಕೆಡಿಸುವ ಯಾವ ಜಾಗವನ್ನು ಸುಡಬೇಕೆಂದು (ಈ ಚಿಕಿತ್ಸೆಗೆ ಅಬ್ಲೇಷನ್ ಎನ್ನುತ್ತಾರೆ) ವೈದ್ಯರಿಗೆ ಸೂಚಿಸುತ್ತದೆ. 2019ರಲ್ಲಿ ಹತ್ತು ರೋಗಿಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಕೃತಕ ಬುದ್ಧಿಮತ್ತೆಯ ನೆರವಿನ ಅಬ್ಲೇಷನ್ ಕುರಿತು ಯುರೋಪ್ ಮತ್ತು ಅಮೆರಿಕದ 374 ರೋಗಿಗಳ ಅಧ್ಯಯನವೂ 2025ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ನಂತರ ಫಿಬ್ರಿಲೇಷನ್ ಮರಳದವರು ಶೇ. 88, ಸಾಮಾನ್ಯ ವಿಧಾನದಲ್ಲಿ ಶೇ. 70. ಆದರೆ ಒಂದೇ ಬಾರಿಯ ಚಿಕಿತ್ಸೆಯ ನಂತರ ಯಾವುದೇ ಬಗೆಯ ಲಯದೋಷ ಮರಳದವರನ್ನು ಎಣಿಸಿದಾಗ ಎರಡು ಗುಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯ ವಾಕ್ಯವನ್ನೂ ಅವರು ಪ್ರಕಟಿಸಿದ್ದಾರೆ ಎಂಬ ಕಾರಣಕ್ಕೇ ನನಗೆ ಮೊದಲನೆಯದರ ಮೇಲೆ ನಂಬಿಕೆ.

ನಮ್ಮಿಂದ ಇಂಥದ್ದು ಆದೀತೇ ಎಂದರೆ, ಬ್ರೆಜಿಲ್ಲಿನ ಮಿನಾಸ್ ಜೆರೈಸ್ ರಾಜ್ಯದ ಕಡೆ ನೋಡಬೇಕೆಂದು ಕೋರುತ್ತೇನೆ. ಅದೇನೂ ಸಿರಿವಂತರ ನಾಡಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಸೇರಿ ಸಣ್ಣ ಊರುಗಳ ಆರೋಗ್ಯ ಕೇಂದ್ರಗಳಿಗೆ ದೂರದಿಂದಲೇ ಇಸಿಜಿ ಓದಿಕೊಡುವ ಜಾಲ ಕಟ್ಟಿದವು, ಓದಿದ್ದನ್ನು ಸಂಕೇತದ ರೂಪದಲ್ಲೇ ಜೋಪಾನ ಮಾಡಿದವು. 811 ಪುರಸಭೆಗಳಿಂದ ಬಂದ 20 ಲಕ್ಷಕ್ಕೂ ಮಿಕ್ಕಿದ ಇಸಿಜಿಗಳಿಂದ ಕಲಿಸಿದ ತಂತ್ರಾಂಶದ ವಿವರ 2020ರಲ್ಲಿ ಪ್ರಕಟವಾಯಿತು. ಸಂಗ್ರಹದ ಶೇ. 15ರಷ್ಟನ್ನು, ಹೆಸರು ತೆಗೆದು, ಜಗತ್ತಿಗೇ ತೆರೆದಿಟ್ಟಿದ್ದಾರೆ. ಬಡ ರೋಗಿಗೆ ಸೇವೆ ಕೊಡುತ್ತಲೇ ವಿಜ್ಞಾನಕ್ಕೂ ಕೊಡಬಹುದೆಂದು ಒಂದು ಸರ್ಕಾರಿ ವ್ಯವಸ್ಥೆ ತೋರಿಸಿಕೊಟ್ಟಿದೆ.

ನಮ್ಮಲ್ಲಿ ಏನು ಕಡಿಮೆ? ಮಂಗಳೂರಿನಲ್ಲಿ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಇದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಜಿನಿಯರಿಂಗ್ ಸಂಸ್ಥೆ, ಮಣಿಪಾಲದಲ್ಲಿ ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳು ಒಂದೇ ಗುಡ್ಡದ ಮೇಲೆ. ಇವೆಲ್ಲವೂ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿವೆ. ಲೆಕ್ಕ ಬಲ್ಲವರಿಗೂ ರೋಗಿಗಳನ್ನು ಬಲ್ಲವರಿಗೂ ನಡುವೆ ಇರುವುದು ಒಂದು ಎಕ್ಸ್‌ಪ್ರೆಸ್ ಬಸ್ಸಿನ ದಾರಿ. ರಾಜ್ಯದ ಬಳಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕೇಂದ್ರಕ್ಕೆ ಬೆಸೆದು, ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಆ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ಮುಖ್ಯ ಗುರಿ ಹೃದಯಾಘಾತ. ಅದೇ ತಂತಿಯಲ್ಲಿ ಲಯದ ತೊಂದರೆಯೂ ಹರಿದು ಬರುತ್ತದೆ. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿಗೆ ಬೆದರಿ ಜನ ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರಲ್ಲ, ಆ ಇಸಿಜಿಗಳಲ್ಲಿ ಎಷ್ಟು ಇಂದು ಓದಲು ಸಿಗುತ್ತವೆ? ಆರೋಗ್ಯವಂತ ಕನ್ನಡಿಗರ ಹೃದಯದ ಅಷ್ಟು ದೊಡ್ಡ ದಾಖಲೆ ಮತ್ತೆ ಸುಲಭಕ್ಕೆ ಸಿಗದು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಎರಡು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆಯುವ ಪ್ರತಿ ಇಸಿಜಿಯೂ ಸಂಕೇತದ ರೂಪದಲ್ಲಿ ಸರ್ಕಾರದ ಸ್ವಂತ ಸರ್ವರ್‌ನಲ್ಲಿ ಉಳಿಯುವಂತೆ ಆದೇಶ ಹೊರಡಿಸಿ. ಖಾಸಗಿ ಆಸ್ಪತ್ರೆಗಳನ್ನು ಒಪ್ಪಿಸಿ ಆಮೇಲೆ ಸೇರಿಸಿಕೊಳ್ಳಬಹುದು. ಹೆಸರು, ಊರು ಮತ್ತು ದೂರವಾಣಿ ಸಂಖ್ಯೆಯನ್ನು ತೆಗೆದು ವಯಸ್ಸು, ಲಿಂಗ, ಕವಾಟದ ಕಾಯಿಲೆ ಇದೆಯೇ ಎಂಬ ವಿವರವನ್ನು ಮಾತ್ರ ಇಡಲಿ. ಅದರಲ್ಲಿ ಒಂದು ಭಾಗಕ್ಕೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಗುರುತು ಹಾಕಲಿ. ಆ ಭಾಗವನ್ನು ಯಾವ ಕಂಪನಿಗೂ ಕಲಿಸಲು ಕೊಡದೆ, ಪರೀಕ್ಷೆಗೆಂದೇ ಬೀಗ ಹಾಕಿ ಇಡಬೇಕು. ಇಲ್ಲಿ ಬಳಕೆಗೆ ಬರುವ ಯಾವುದೇ ತಂತ್ರಾಂಶ ಮೊದಲು ಅದರ ಮೇಲೆ ಪರೀಕ್ಷೆಗೆ ಒಳಗಾಗಲಿ, ಎಷ್ಟು ತಪ್ಪಿತು ಎಂಬುದು ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ರುಮ್ಯಾಟಿಕ್ ರೋಗಿಗಳಿಗೆ ಬೇರೆಯಾಗಿ ಪ್ರಕಟವಾಗಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಅವರ ಮನೆಮಾತಿನಲ್ಲಿ ಓದಿ ಹೇಳಲಿ. ಈಗಾಗಲೇ ರಾಜ್ಯದ ಯೋಜನೆಗಳಲ್ಲಿ ತೆಗೆದ ಇಸಿಜಿಗಳು ಎಲ್ಲಿ, ಯಾರ ವಶದಲ್ಲಿವೆ ಎಂಬುದನ್ನು ಸಾರ್ವಜನಿಕರಿಗೆ ತಿಳಿಸಿ.

ಇಸಿಜಿ ಕೋಣೆಗೊಂದು ಪರದೆ, ಹೆಂಗಸರಿಗೆ ಹೆಂಗಸೇ ತಂತ್ರಜ್ಞೆ ಎಂಬುದನ್ನು ಕೃತಕ ಬುದ್ಧಿಮತ್ತೆಯ ಯೋಜನಾ ವರದಿಯಲ್ಲೇ ಸೇರಿಸಿ. ನಗಬೇಡಿ. ತಂತಿ ಜಾಗ ತಪ್ಪಿದ ಮೇಲೆ ಎಂಥ ದೊಡ್ಡ ಕಂಪ್ಯೂಟರಿಗೂ ಮಾಡುವುದೇನೂ ಉಳಿಯುವುದಿಲ್ಲ.

ಇದಕ್ಕೆಲ್ಲ ಸಮಿತಿ ಬೇಕು, ಬಜೆಟ್ ಬೇಕು, ವರ್ಷ ಹಿಡಿಯುತ್ತದೆ ಎಂಬುದು ಗೊತ್ತು. ಒಂದು ಕೆಲಸಕ್ಕೆ ಮಾತ್ರ ಯಾವುದೂ ಬೇಡ. ಮುಂದಿನ ಸಲ ಇಲಾಖೆ ಇಸಿಜಿ ಯಂತ್ರಗಳ ಖರೀದಿಗೆ ಟೆಂಡರ್ ಕರೆಯುವಾಗ ಒಂದು ಷರತ್ತು ಸೇರಿಸಿ: ‘ಯಂತ್ರವು ಪೂರ್ಣ ಸಂಕೇತವನ್ನು ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಮುಕ್ತ ರೂಪದಲ್ಲಿ ಹೊರಗೆ ಕೊಡತಕ್ಕದ್ದು, ದುರಸ್ತಿಯ ವೇಳೆ ದಾಖಲೆಗಳನ್ನು ಅಳಿಸತಕ್ಕದ್ದಲ್ಲ.’ ಈ ಷರತ್ತು ಸೇರಿದೆಯೋ ಇಲ್ಲವೋ ಎಂಬುದನ್ನು ಪ್ರಕಟವಾಗುವ ಟೆಂಡರ್ ದಾಖಲೆಯಲ್ಲೇ ಓದಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇಸಿಜಿ ತಂತ್ರಜ್ಞೆ
ಉಡುಪಿ ಜಿಲ್ಲೆ